ಮನೆಮಂದಿಯ ಚಿತ್ರ

ಮದುವೆಯ ಅಡುಗೆಗೆ ಜನರನ್ನು ಗೊತ್ತುಮಾಡುವಾಗ ನಮ್ಮ ಕರಾವಳಿಯವರು ತೋರಿಸುವ ಎಚ್ಚರಿಕೆ ಸಾಮಾನ್ಯವಾದುದಲ್ಲ. ಶಿರಾಲಿಯಲ್ಲಿ ಮದುವೆಯಾದರೆ ಹೊನ್ನಾವರದವರನ್ನು ಕೇಳುತ್ತಾರೆ, ಕುಮಟೆಯವರನ್ನು ವಿಚಾರಿಸುತ್ತಾರೆ. ಕಳೆದ ವೈಶಾಖದಲ್ಲಿ ಯಾರ ಮನೆಯ ಸಾರು ರುಚಿಯಾಗಿತ್ತು, ಯಾರ ಮನೆಯ ಹೋಳಿಗೆ ಹರಿದುಹೋಗಿತ್ತು ಎಂಬುದನ್ನು ನೆನಪಿನಿಂದ ಹೆಕ್ಕಿ ತೆಗೆಯುತ್ತಾರೆ. ಅದೇ ಮದುವೆಗೆ ಛಾಯಾಗ್ರಾಹಕನನ್ನು ಗೊತ್ತುಮಾಡುವ ಕೆಲಸ ಮಾತ್ರ ಮನೆಯಲ್ಲಿ ಬೇರೆ ಕೆಲಸವಿಲ್ಲದ ಹುಡುಗನ ಪಾಲಿಗೆ ಬರುತ್ತದೆ. ಅವನು ಬಸ್ ನಿಲ್ದಾಣದ ಬಳಿ ಮೊದಲು ಕಂಡ ಫಲಕವನ್ನು ಓದಿ, ಮುಂಗಡ ಕೊಟ್ಟು, ಐಸ್‌ಕ್ರೀಮ್ ತಿಂದು ಮನೆಗೆ ಬರುತ್ತಾನೆ. ಉಂಡ ಊಟ ಮರುದಿನಕ್ಕೆ ಉಳಿಯುವುದಿಲ್ಲ. ತೆಗೆಸಿದ ಚಿತ್ರವಾದರೋ ಗೋಡೆಯ ಮೇಲೆ ಅರವತ್ತು ವರ್ಷ ಕುಳಿತು, ಬಂದುಹೋಗುವವರನ್ನೆಲ್ಲ ನೋಡುತ್ತಿರುತ್ತದೆ. ಆದರೂ ಈ ಉದಾಸೀನವೇಕೆ? ಚಿತ್ರವನ್ನು ತೆಗೆಯುವುದು ಯಂತ್ರ, ಮನುಷ್ಯನಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಯಂತ್ರ ಒಳ್ಳೆಯದಾಗಿದ್ದರೆ ಸಾಕು, ಅದನ್ನು ಒತ್ತುವ ಬೆರಳು ಯಾರದಾದರೇನು?

ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಅರಿಯಲು ನಾನು ನಮ್ಮ ಮನೆಯ ಚಾವಡಿಯಿಂದ ಆಚೆಗೆ ಹೋಗಬೇಕಾಗಿಲ್ಲ. ಅಲ್ಲಿ ಬಾಗಿಲಿನ ಮೇಲ್ಗಡೆ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿಕೊಂಡು ಒಂದು ಚಿತ್ರ ತೂಗುತ್ತಿದೆ. ಅದು ೧೯೩೮ರಲ್ಲಿ ತೆಗೆಸಿದ್ದು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಕುಮಟೆಯಿಂದ ಬಂದ ಛಾಯಾಗ್ರಾಹಕ ತನ್ನ ಮರದ ಕ್ಯಾಮೆರಾ, ಮೂರು ಕಾಲಿನ ನಿಲುವು, ಗಾಜಿನ ಫಲಕಗಳ ಪೆಟ್ಟಿಗೆ ಇವನ್ನೆಲ್ಲ ದೋಣಿಯಲ್ಲಿ ಹೊಳೆ ದಾಟಿಸಿಕೊಂಡು ಬಂದನಂತೆ. ಚಿತ್ರದಲ್ಲಿ ಹನ್ನೊಂದು ಜನರಿದ್ದಾರೆ. ನಡುವೆ ಕುರ್ಚಿಯಲ್ಲಿ ನನ್ನ ಮುತ್ತಜ್ಜ. ಅವರ ಎಡಬಲಕ್ಕೆ ಅಜ್ಜ ಮತ್ತು ಅಜ್ಜನ ತಮ್ಮ. ಹಿಂದೆ ನಿಂತವರು ಮನೆಯ ಸೊಸೆಯರು. ಮುಂದೆ ಚಾಪೆಯ ಮೇಲೆ ಮಕ್ಕಳು. ಆ ಮಕ್ಕಳಲ್ಲಿ ಆರು ವರ್ಷದ ನನ್ನ ತಂದೆಯೂ ಒಬ್ಬರು. ಹೆಂಗಸರ ಹಣೆಯ ಕುಂಕುಮ ಕಪ್ಪು ಬೊಟ್ಟಿನಂತೆ ಕಾಣುತ್ತದೆ. ಆ ಕಾಲದ ಹಲವು ಫಲಕಗಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಕೆಂಪಾದುದೆಲ್ಲ ಚಿತ್ರದಲ್ಲಿ ಕಪ್ಪಾಗಿಬಿಡುತ್ತಿತ್ತು.

ಹನ್ನೆರಡನೆಯವರೊಬ್ಬರು ಅಂದು ಮನೆಯಲ್ಲಿದ್ದರು. ಅವರು ಚಿತ್ರದಲ್ಲಿಲ್ಲ.

ಅವರು ಅಜ್ಜನ ತಂಗಿ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಮನೆಯವರೆಲ್ಲರೂ ಅವರನ್ನು ದೊಡ್ಡತ್ತೆ ಎಂದೇ ಕರೆಯುತ್ತಿದ್ದರು. ಚಾಪೆಯ ಮೇಲೆ ಕುಳಿತ ಮಕ್ಕಳೆಲ್ಲರಿಗೂ ಎಣ್ಣೆ ಹಚ್ಚಿ ಎರೆದವರು ಅವರು. ನನ್ನ ತಂದೆಗೆ ವಿಷಮಶೀತ ಜ್ವರ ಬಂದಾಗ ಇಪ್ಪತ್ತೊಂದು ರಾತ್ರಿ ಪಕ್ಕದಲ್ಲಿ ಕುಳಿತು ಗಂಜಿನೀರು ಕುಡಿಸಿದವರು ಅವರು. ವಿಧವೆ ಎಂಬ ಕಾರಣದಿಂದ ಅವರನ್ನು ಆ ದಿನ ಹೊರಗೆ ಕರೆಯಲಿಲ್ಲ. ಹನ್ನೊಂದು ಜನರಿಗೂ ಕುಮಟೆಯಿಂದ ಬಂದ ಅತಿಥಿಗೂ ಅವರು ಒಳಗೆ ಅಡುಗೆ ಮಾಡುತ್ತಿದ್ದರು. ಅದು ಆ ಕಾಲದ ಕ್ರೂರ ಪದ್ಧತಿ. ಛಾಯಾಗ್ರಾಹಕನೊಬ್ಬನ ಮೇಲೆ ಅದರ ಭಾರವನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಆದರೂ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವ ಮೊದಲು ಆತ ‘ಎಲ್ಲರೂ ಬಂದರೇ?’ ಎಂದು ಒಮ್ಮೆ ಕೇಳಿದ್ದರೆ ಯಾರಾದರೂ ಒಬ್ಬರು ಒಳಗೆ ನೋಡುತ್ತಿದ್ದರೋ ಏನೋ.

ದೊಡ್ಡತ್ತೆ ತೀರಿಕೊಂಡದ್ದು ೧೯೭೧ರಲ್ಲಿ. ನನಗಾಗ ಏಳು ವರ್ಷ. ಅವರ ಕೈಯ ಒರಟುತನ ನೆನಪಿದೆ, ಸೀರೆಗೆ ಅಂಟಿದ್ದ ಹೊಗೆಯ ವಾಸನೆ ನೆನಪಿದೆ. ಮುಖ ನೆನಪಿಗೆ ಬಾರದು. ಅವರ ಚಿತ್ರ ಒಂದೂ ಇಲ್ಲ. ೧೯೩೮ರ ಆ ಚಿತ್ರದ ಬಲತುದಿಯಲ್ಲಿ ಅಡುಗೆಮನೆಯ ಕಿಟಕಿ ಸ್ವಲ್ಪ ಕಾಣುತ್ತದೆ. ಅದರ ಸರಳುಗಳ ಹಿಂದೆ ಬೆಳ್ಳಗೆ ಏನೋ ಕದಡಿದಂತಿದೆ. ಛಾಯಾಗ್ರಾಹಕರು ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ‘ಒಂದು, ಎರಡು’ ಎಂದು ಎಣಿಸಿ ಮುಚ್ಚುತ್ತಿದ್ದ ಕಾಲ ಅದು. ಆ ಹೊತ್ತಿನಲ್ಲಿ ಅಲುಗಿದವರು ಹೊಗೆಯಂತೆ ಮೂಡುತ್ತಿದ್ದರು. ಅದು ದೊಡ್ಡತ್ತೆಯೇ ಎಂದು ನನ್ನ ತಾಯಿ ಹೇಳುತ್ತಾರೆ. ಒಣಗಲು ಹಾಕಿದ ಬಟ್ಟೆಯೂ ಆಗಿರಬಹುದು. ಈ ವಿಷಯದಲ್ಲಿ ತಾಯಿಯೊಡನೆ ವಾದಕ್ಕೆ ಇಳಿಯುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಹಳೆಯ ಚಿತ್ರಗಳಲ್ಲಿ ನಮ್ಮ ಹಿರಿಯರೆಲ್ಲ ಸಾಲಗಾರನ ಎದುರು ಕುಳಿತವರಂತೆ ಬಿಗಿದ ಮುಖ ಮಾಡಿಕೊಂಡಿರುವುದೇಕೆ ಎಂದು ಮಕ್ಕಳು ಕೇಳುವುದುಂಟು. ಅದಕ್ಕೆ ಉತ್ತರ ಈ ಕಲೆಯ ಚರಿತ್ರೆಯಲ್ಲಿದೆ. ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನ ಪ್ಯಾರಿಸಿನಲ್ಲಿ ಬಹಿರಂಗವಾದದ್ದು ೧೮೩೯ರ ಆಗಸ್ಟ್ ೧೯ರಂದು. ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಬೆಳಕು ಚಿತ್ರ ಬರೆಯಲು ಮೊದಮೊದಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ನಗುವನ್ನು ಹಿಡಿದಿಟ್ಟುಕೊಳ್ಳುವುದು ಯಾರಿಂದ ಸಾಧ್ಯ? ತಲೆ ಅಲುಗದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಕೊಟ್ಟು ಕೂರಿಸುತ್ತಿದ್ದರು. ಮುಂದೆ ವಿಧಾನಗಳು ಚುರುಕಾದವು. ಆದರೆ ಬಿಗಿದು ಕುಳಿತುಕೊಳ್ಳುವ ಅಭ್ಯಾಸ ಮಾತ್ರ ಮರ್ಯಾದೆಯ ಲಕ್ಷಣವಾಗಿ ಉಳಿದುಬಿಟ್ಟಿತು.

ಯಂತ್ರದ ಹಿಂದೆ ನಿಂತವರು ಯಾರು ಎಂಬ ಪ್ರಶ್ನೆಯೂ ಹೊಸದಲ್ಲ. ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳರ ಹೆಸರನ್ನು ನೀವು ಕೇಳಿರಬಹುದು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನದಲ್ಲಿಯೇ ಇದ್ದವು. ದೀನ್ ದಯಾಳರಲ್ಲಿ ಉತ್ತಮ ಉಪಕರಣಗಳಿದ್ದವು, ಕೈಯಲ್ಲಿ ಕಲೆಯಿತ್ತು, ಅರಮನೆಯ ಬೆಂಬಲವಿತ್ತು. ಆದರೂ ಗೋಷಾ ಪದ್ಧತಿಯ ಮನೆಗಳ ಸ್ತ್ರೀಯರು ಪರಪುರುಷನ ಎದುರು ಬರುವಂತಿರಲಿಲ್ಲ. ಮನೆಯ ಅರ್ಧ ಜನ ಇಲ್ಲದೆ ಮನೆಯ ಚಿತ್ರವಾಗುವುದು ಹೇಗೆ? ಅವರು ೧೮೯೨ರಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕವಾದ ಒಂದು ಸ್ಟುಡಿಯೋವನ್ನು ತೆರೆದು, ಅದನ್ನು ಆಂಗ್ಲ ಮಹಿಳೆಯೊಬ್ಬರ ವಶಕ್ಕೆ ಕೊಟ್ಟರು. ಬದಲಾದದ್ದು ಕ್ಯಾಮೆರಾ ಅಲ್ಲ, ಅದರ ಹಿಂದಿನ ಕಣ್ಣು. ಅಷ್ಟರಿಂದಲೇ, ಅದುವರೆಗೆ ಯಾರೂ ಕಾಣದಿದ್ದ ಮುಖಗಳು ಬೆಳಕಿಗೆ ಬಂದವು.

ನನ್ನ ಬಾಲ್ಯದ ಹೊತ್ತಿಗೆ ಛಾಯಾಗ್ರಾಹಕ ಹೊಳೆ ದಾಟಿ ಬರುವುದು ನಿಂತು, ನಾವೇ ಬಸ್ಸು ಹತ್ತಿ ಭಟ್ಕಳಕ್ಕೋ ಹೊನ್ನಾವರಕ್ಕೋ ಹೋಗುವುದು ರೂಢಿಯಾಗಿತ್ತು. ಸ್ಟುಡಿಯೋದೊಳಗೆ ಒಂದು ಪರದೆ. ಪರದೆಯ ಮೇಲೆ ಅರಮನೆಯ ಮೆಟ್ಟಿಲು, ಹಂಸಗಳು ತೇಲುವ ಸರೋವರ, ಹಿಮದ ಬೆಟ್ಟ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ ಇರುವ ಊರಿನವರು ಆ ಹಿಮದ ಬೆಟ್ಟದ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಲ್ಲುತ್ತಿದ್ದರು. ಮದುವೆಯ ವಯಸ್ಸಿನ ಹುಡುಗಿಯರ ಚಿತ್ರಗಳು ಅಲ್ಲಿಂದಲೇ ಮುಂಬಯಿಗೆ ಅಂಚೆಯಲ್ಲಿ ಹೋಗುತ್ತಿದ್ದವು. ಕೊಲ್ಲಿಯ ದೇಶಗಳಿಗೆ ಹೊರಟ ತರುಣರು ಪಾಸ್‌ಪೋರ್ಟಿನ ಅಳತೆಗೆ ಕುಳಿತುಕೊಳ್ಳುತ್ತಿದ್ದುದೂ ಅಲ್ಲಿಯೇ. ಆ ಕಾಲದ ವರ್ಣಚಿತ್ರಗಳು ಈಗ ಕೆಂಪು ತಿರುಗಿ ಮಂಕಾಗಿವೆ. ಅವುಗಳ ಬಣ್ಣಗಳಿಗೆ ಬಾಳಿಕೆ ಕಡಿಮೆ. ಬೆಳ್ಳಿಯ ಲವಣದಿಂದ ಮೂಡಿದ ಕಪ್ಪು ಬಿಳುಪಿನ ಮುತ್ತಜ್ಜ, ಎಂಬತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡರೂ, ಇಂದಿಗೂ ಸ್ಪಷ್ಟವಾಗಿ ನಮ್ಮನ್ನು ದಿಟ್ಟಿಸುತ್ತಿದ್ದಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಕಾಗದದ ವಸ್ತುವೊಂದು ಅಷ್ಟು ಕಾಲ ಬೂಸಲು ಹಿಡಿಯದೆ ಉಳಿದದ್ದೇ ಒಂದು ಆಶ್ಚರ್ಯ. ಚಿತ್ರದ ತಲೆಯನ್ನು ಮುಂದಕ್ಕೆ ಬಾಗಿಸಿ ತೂಗುಹಾಕುವುದರಿಂದ ಕೆಳಗೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಅದಲ್ಲದೆ ಬೆನ್ನಿಗೂ ಗೋಡೆಗೂ ನಡುವೆ ಗಾಳಿ ಆಡಲು ಎಡೆಯೂ ಸಿಗುತ್ತದೆ.

ನಮ್ಮ ತಾಯಿಗೆ ಎಂಬತ್ತು ತುಂಬಿದ ವರ್ಷ, ಮನೆಮಂದಿಯೆಲ್ಲ ಸೇರಿ ಒಂದು ಚಿತ್ರ ತೆಗೆಸಬೇಕೆಂಬ ಮಾತು ಬಂತು. ಚೈತ್ರದ ಹುಣ್ಣಿಮೆಗೆ ಚಿತ್ರಾಪುರ ಮಠದ ರಥೋತ್ಸವ. ಆ ಸಮಯಕ್ಕೆ ಮುಂಬಯಿ, ಪುಣೆ, ಹುಬ್ಬಳ್ಳಿಗಳಲ್ಲಿರುವವರು ಊರಿಗೆ ಬರುವುದು ಹೇಗೂ ಇದ್ದದ್ದೇ. ಕೊಂಕಣ ರೈಲು ೧೯೯೮ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿಯಿಂದ ಬರುವುದು ಹಿಂದಿನಷ್ಟು ಪ್ರಯಾಸವೂ ಅಲ್ಲ. ಎಲ್ಲರೂ ಒಪ್ಪಿದರು. ಛಾಯಾಗ್ರಾಹಕ ಯಾರು ಎಂಬುದೊಂದು ಉಳಿಯಿತು. ಆ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆ.

ಮೊದಲು ನೋಡಿದವನು ತರುಣ. ಅವನಲ್ಲಿ ಇಲ್ಲದ ಉಪಕರಣವಿರಲಿಲ್ಲ. ಆಕಾಶದಲ್ಲಿ ಹಾರಿ ಚಿತ್ರ ತೆಗೆಯುವ ಡ್ರೋನ್ ಕೂಡ ಇತ್ತು. ತನ್ನ ಆಲ್ಬಮ್ಮನ್ನು ಪ್ರೀತಿಯಿಂದ ತೋರಿಸಿದ. ಪುಟ ತಿರುಗಿಸಿದಂತೆ ನನಗೊಂದು ಸಂಶಯ ಹುಟ್ಟಿತು: ಹತ್ತು ಮದುವೆಗಳ ಮದುಮಗಳು ಒಬ್ಬಳೇ ಏನು? ಎಲ್ಲರ ಕೆನ್ನೆಯೂ ಒಂದೇ ನುಣುಪು, ಎಲ್ಲರ ಬಣ್ಣವೂ ಒಂದೇ ಬಿಳುಪು. ‘ಅಮ್ಮನ ಮುಖದ ಸುಕ್ಕುಗಳನ್ನೆಲ್ಲ ತೆಗೆದುಬಿಡೋಣ, ಬಾರದವರಿದ್ದರೆ ಅವರ ಬೇರೆ ಚಿತ್ರ ಕೊಡಿ, ಗಣಕಯಂತ್ರದಲ್ಲಿ ಸೇರಿಸಿಬಿಡೋಣ’ ಎಂದ. ಹುಡುಗ ಒಳ್ಳೆಯವನೇ, ತನ್ನ ಕಸುಬನ್ನು ಬಲ್ಲವನೂ ಹೌದು. ಆದರೆ ಎಂಬತ್ತು ವರ್ಷ ಬಿಸಿಲಿನಲ್ಲಿ ಅಡಿಕೆ ಒಣಗಿಸಿ, ಒಲೆಯ ಮುಂದೆ ಕುಳಿತು ಪಡೆದ ಸುಕ್ಕುಗಳನ್ನು ತೆಗೆದುಬಿಟ್ಟರೆ ಉಳಿಯುವವರು ಯಾರು?

ಆ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಅಣ್ಣನ ಮೊಮ್ಮಗನಿಗೆ ಒಂದು ಯೋಚನೆ ಬಂತು. ವರ್ಣನೆ ಕೊಟ್ಟರೆ ಮುಖವನ್ನೇ ರಚಿಸಿಕೊಡುವ ತಂತ್ರಜ್ಞಾನ ಈಗ ಬಂದಿದೆಯಷ್ಟೆ. ‘ಅಜ್ಜಿ, ದೊಡ್ಡತ್ತೆಯವರು ಹೇಗಿದ್ದರು ಹೇಳು, ಅವರ ಚಿತ್ರವನ್ನೂ ಮಾಡಿಸೋಣ’ ಎಂದ. ತಾಯಿ ಹೇಳುತ್ತ ಹೋದರು. ಅವನು ಮೊಬೈಲಿನಲ್ಲಿ ಬರೆಯುತ್ತ ಹೋದ. ಸ್ವಲ್ಪ ಹೊತ್ತಿಗೆ ಬಿಳಿಯ ಸೀರೆಯ ಮುದುಕಿಯೊಬ್ಬಳು ಪರದೆಯ ಮೇಲೆ ಮೂಡಿದಳು. ಕಣ್ಣು, ಮೂಗು, ಬಾಯಿ ಎಲ್ಲವೂ ಹೇಳಿದಂತೆಯೇ ಇದ್ದವು. ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಪಾಪ, ಇವಳು ಯಾರೋ ಒಳ್ಳೆಯವಳ ಹಾಗೆ ಕಾಣುತ್ತಾಳೆ. ನಮ್ಮವಳಲ್ಲ’ ಎಂದು ಹಿಂದಕ್ಕೆ ಕೊಟ್ಟರು.

ಹೊರಗಿನವರೇ ಏಕೆ, ಮನೆಯ ಹುಡುಗರ ಮೊಬೈಲಿನಲ್ಲಿಯೇ ತೆಗೆದರಾಯಿತಲ್ಲ ಎಂಬ ಸಲಹೆಯೂ ಬಂತು. ಮೊಬೈಲಿನ ಮಸೂರಗಳು ಈಗ ಎಷ್ಟೋ ಸುಧಾರಿಸಿವೆ, ಅದರಲ್ಲಿ ಸಂದೇಹವಿಲ್ಲ. ಆದರೆ ಇಪ್ಪತ್ತಾರು ಜನರನ್ನು ಹತ್ತಿರದಿಂದ ಹಿಡಿಯಬೇಕಾದರೆ ಅಗಲನೋಟದ ಮಸೂರ ಬೇಕು. ಅದು ತುದಿಯಲ್ಲಿ ನಿಂತವರ ಮುಖವನ್ನು ಹಲಸಿನ ಹಣ್ಣಿನಂತೆ ಅಡ್ಡಕ್ಕೆ ಎಳೆಯುತ್ತದೆ. ಕೈಚಾಚಿ ತೆಗೆಯುವವನ ಮೂಗು ಎಲ್ಲರಿಗಿಂತ ದೊಡ್ಡದಾಗುತ್ತದೆ. ಚಾಚದೆ ಎದುರು ನಿಂತು ತೆಗೆದರೆ ಅವನೇ ಚಿತ್ರದಲ್ಲಿ ಇಲ್ಲವಾಗುತ್ತಾನೆ. ಒಬ್ಬರು ಇಲ್ಲದ ಚಿತ್ರ ನಮ್ಮ ಮನೆಯಲ್ಲಿ ಆಗಲೇ ಒಂದು ಇತ್ತು.

ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಛಾಯಾಗ್ರಾಹಕರು ತೋರಿಸುವ ಆಲ್ಬಮ್ಮುಗಳನ್ನು ನೋಡುವುದನ್ನು ಬಿಟ್ಟು, ಪರಿಚಯದ ಮನೆಗಳ ಗೋಡೆಗಳನ್ನು ನೋಡತೊಡಗಿದೆ. ಆಲ್ಬಮ್ಮಿನಲ್ಲಿ ಇರುವುದು ಅವನು ಆರಿಸಿದ ಅತ್ಯುತ್ತಮ ಚಿತ್ರ. ಗೋಡೆಯ ಮೇಲಿರುವುದು ಅವನ ದಿನನಿತ್ಯದ ಕೆಲಸ. ನಡುವೆ ಕುಳಿತವರು ಯಾರ ಕೈಯಲ್ಲಿಯೂ ಚೆನ್ನಾಗಿಯೇ ಬರುತ್ತಾರೆ. ನಾನು ನೋಡಿದ್ದು ಅಂಚಿನವರನ್ನು. ಅವರ ಮುಖ ನೆಟ್ಟಗಿದೆಯೇ, ಹಿಂದಿನ ಸಾಲಿನ ಗಿಡ್ಡ ಹುಡುಗಿಯ ಕಣ್ಣು ಕಾಣುತ್ತಿದೆಯೇ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಯಾರಾದರೂ ಒದ್ದಾಡಿದ್ದಾರೆಯೇ? ಹೀಗೆ ಏಳೆಂಟು ಮನೆಗಳ ಗೋಡೆ ನೋಡಿದ ಮೇಲೆ ಎರಡು ಕಡೆ ಒಬ್ಬರದೇ ಕೈಕೆಲಸ ನನ್ನನ್ನು ಹಿಡಿದು ನಿಲ್ಲಿಸಿತು. ಒಂದರಲ್ಲಿ ಅಡ್ಡೆಯ ಮೀನು ಮಾರುವ ಮುದುಕಿ ತನ್ನ ಮೊಮ್ಮಗಳ ಜಡೆಯನ್ನು ಹಿಡಿದುಕೊಂಡೇ ಕುಳಿತಿದ್ದಳು. ಆ ಹಿಡಿತವನ್ನು ಬಿಡಿಸದೆ ಚಿತ್ರ ತೆಗೆದವರು ಯಾರೆಂದು ಕೇಳಿದೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದಾಗ ನನಗೆ ಇಂಥದೇ ಅನುಭವವಾಗುತ್ತದೆ. ಅವರು ೧೯೨೩ರಲ್ಲಿ ಹುಟ್ಟಿ ೨೦೦೯ರಲ್ಲಿ ತೀರಿಕೊಂಡರು. ೧೯೭೭ರಲ್ಲಿ ಪದ್ಮಶ್ರೀ ಪಡೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಆ ಮಕ್ಕಳು ನಿಲ್ಲಿಸಿದಂತೆ ನಿಂತವರಲ್ಲ. ತಮ್ಮ ಆಟದಲ್ಲಿ, ತಮ್ಮ ಕೆಲಸದಲ್ಲಿ ಇದ್ದವರು. ಸತ್ಯನ್ ಅವರಂಥ ದೊಡ್ಡವರು ನಮ್ಮ ಮನೆಗೆ ಬರುವಂತಿರಲಿಲ್ಲ. ಆದರೆ ಆ ಬಗೆಯ ಕಣ್ಣು ದೊಡ್ಡವರಲ್ಲಿ ಮಾತ್ರ ಇರುತ್ತದೆ ಎಂದು ಯಾರು ಹೇಳಿದರು?

ನಾನು ಹುಡುಕಿ ಹೋದವರದು ಹೆದ್ದಾರಿಯಿಂದ ಒಳಗೆ ಒಂದು ಸಣ್ಣ ಕೋಣೆ. ಈಗ ಅವರ ಮುಖ್ಯ ಸಂಪಾದನೆ ಅರ್ಜಿಗಳಿಗೆ ಅಂಟಿಸುವ ಚಿಕ್ಕ ಚಿತ್ರಗಳಿಂದ. ಅರವತ್ತು ದಾಟಿದ ವಯಸ್ಸು, ಮಾತು ಕಡಿಮೆ. ದರ ಹೇಳುವ ಮೊದಲು ಅವರು ನನ್ನನ್ನೇ ಪ್ರಶ್ನೆ ಕೇಳತೊಡಗಿದರು. ಜನ ಎಷ್ಟು? ನಿಲ್ಲಲಾರದವರು ಯಾರು? ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಚಿತ್ರ ಎಂದರೆ ತಪ್ಪಿಸಿಕೊಳ್ಳುವವರು ಯಾರಾದರೂ ಇದ್ದಾರೆಯೇ? ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಕೊನೆಗೆ ಅವರು ಲೇಖನಿಯನ್ನು ಕೆಳಗಿಟ್ಟು ಕೇಳಿದರು: ‘ಆ ದಿನ ಅಡುಗೆ ಯಾರದು?’

ನಾನು ಅವರಿಗೆ ದೊಡ್ಡತ್ತೆಯ ವಿಷಯ ಹೇಳಿರಲಿಲ್ಲ. ಏಕೆ ಕೇಳಿದಿರಿ ಎಂದೆ. ‘ಚಿತ್ರ ತೆಗೆಯುವ ಹೊತ್ತಿಗೆ ಒಲೆಯ ಮುಂದೆ ಇರುವವರು ಯಾವಾಗಲೂ ತಪ್ಪಿಹೋಗುತ್ತಾರೆ. ಮೊದಲೇ ಗೊತ್ತಿದ್ದರೆ ಹೊತ್ತು ನೋಡಿಕೊಂಡು ಬರಬಹುದು’ ಎಂದರು. ಅವರು ಹೇಳಿದ ದರ ತರುಣನ ದರದ ಅರ್ಧದಷ್ಟೂ ಇರಲಿಲ್ಲ. ದುಪ್ಪಟ್ಟಾಗಿದ್ದರೂ ನಾನು ಒಪ್ಪುತ್ತಿದ್ದೆ.

ಗೊತ್ತಾದ ದಿನದ ಹಿಂದಿನ ಸಂಜೆ ಅವರು ಬರಿಗೈಯಲ್ಲಿ ಬಂದು ಅಂಗಳದಲ್ಲಿ ಸುತ್ತಾಡಿ ಹೋದರು. ನಮ್ಮದು ಪೂರ್ವಾಭಿಮುಖವಾದ ಮನೆ. ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆದು ಎಲ್ಲರೂ ಹುಬ್ಬು ಗಂಟಿಕ್ಕುವಂತೆ ಮಾಡುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗುಳಿಗಳು ಕಪ್ಪಾಗುತ್ತವೆ. ಸಂಜೆ ಸೂರ್ಯ ಸಮುದ್ರದ ಕಡೆಗೆ ಇಳಿದಾಗ ಮನೆಯ ನೆರಳು ಅಂಗಳವನ್ನು ತುಂಬುತ್ತದೆ. ಎದುರಿನ ತೆರೆದ ಆಕಾಶದಿಂದ ಮಾತ್ರ ಮೃದುವಾದ ಬೆಳಕು ಬರುತ್ತದೆ. ಐದು ಗಂಟೆ ಎಂದು ನಿಶ್ಚಯಿಸಿದರು. ಅಷ್ಟು ಹೊತ್ತಿಗೆ ಒಲೆಯೂ ಆರಿರುತ್ತದೆ.

ಮರುದಿನ ಅವರು ಕ್ಯಾಮೆರಾವನ್ನು ಅಂಗಳದ ಆಚೆಯ ತುದಿಯಲ್ಲಿ, ಬಾವಿಯ ಕಟ್ಟೆಯ ಹತ್ತಿರ ನಿಲ್ಲಿಸಿದರು. ದೂರದಿಂದ ತೆಗೆದರೆ ಅಂಚಿನವರ ಮುಖ ಕೆಡುವುದಿಲ್ಲ. ಎಲ್ಲರನ್ನೂ ಕೂರಿಸಿ ನಿಲ್ಲಿಸಿದ ಮೇಲೆ ಒಮ್ಮೆ ಎಣಿಸಿ, ‘ಇನ್ನೊಬ್ಬರು ಬರಬೇಕು’ ಎಂದರು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಅಡುಗೆಯನ್ನು ನೋಡಿಕೊಳ್ಳುತ್ತಿರುವ ಹೆಂಗಸು ಬಾಗಿಲ ಮರೆಯಲ್ಲಿ ನಿಂತಿದ್ದಳು. ‘ನನ್ನದೆಂತಕ್ಕೆ?’ ಎಂದು ಒಳಗೆ ಸರಿದಳು. ನಾವು ಯಾರೂ ಬಾಯಿ ತೆರೆಯುವ ಮೊದಲೇ ತಾಯಿ ಕುರ್ಚಿಯಿಂದ ಏಳಲು ಹೊರಟರು. ಅವರನ್ನು ಏಳಿಸಬಾರದೆಂದು ಅವಳೇ ಓಡಿಬಂದಳು. ಬಂದವಳು ತಾಯಿಯ ಕುರ್ಚಿಯ ಪಕ್ಕದಲ್ಲಿಯೇ ನಿಲ್ಲಬೇಕಾಯಿತು, ಏಕೆಂದರೆ ತಾಯಿ ಅವಳ ಕೈ ಬಿಡಲಿಲ್ಲ. ಛಾಯಾಗ್ರಾಹಕರು ‘ಸ್ಮೈಲ್ ಪ್ಲೀಸ್’ ಎನ್ನಲಿಲ್ಲ. ಈ ವರ್ಷ ಅಪ್ಪೆಮಿಡಿ ಹೇಗಿದೆಯಮ್ಮಾ ಎಂದು ಕೇಳಿದರು. ತಾಯಿ ಉತ್ತರ ಕೊಡಲು ತಲೆಯೆತ್ತಿದರು. ಕೆಲಸ ಮುಗಿಯಿತು.

ಹತ್ತು ದಿನಗಳ ಮೇಲೆ ಚಿತ್ರ ಬಂತು. ಜತೆಗೆ ಒಂದು ಹಾಳೆಯಿತ್ತು. ಅದರಲ್ಲಿ ತಲೆಗಳ ರೇಖೆ ಬರೆದು, ಪ್ರತಿಯೊಂದಕ್ಕೂ ಅಂಕಿ ಕೊಟ್ಟು, ಹೆಸರು ಬರೆಯಲು ಜಾಗ ಬಿಟ್ಟಿದ್ದರು. ಐವತ್ತು ವರ್ಷದ ಮೇಲೆ ಇವರು ಯಾರೆಂದು ಕೇಳಿದರೆ ಹೇಳುವವರು ಬೇಕಲ್ಲ ಎಂದರು. ತಾಯಿ ಕುಳಿತು ಇಪ್ಪತ್ತೇಳು ಹೆಸರುಗಳನ್ನು ಬರೆಸಿದರು. ಅದೇ ಉತ್ಸಾಹದಲ್ಲಿ ಮುತ್ತಜ್ಜನ ಚಿತ್ರವನ್ನೂ ಕೆಳಗಿಳಿಸಿ, ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಿಂದ ಹನ್ನೊಂದು ಹೆಸರು ಬರೆಸಿ, ‘ಕಿಟಕಿಯ ಒಳಗೆ ಇರುವವರು’ ಎಂದು ಹನ್ನೆರಡನೆಯದನ್ನೂ ಸೇರಿಸಿದರು.

ಆ ಛಾಯಾಗ್ರಾಹಕರ ಕೋಣೆಯಲ್ಲಿ ತಗಡಿನ ಪೆಟ್ಟಿಗೆಗಳ ಒಂದು ಸಾಲಿದೆ. ನಲವತ್ತು ವರ್ಷಗಳ ನೆಗೆಟಿವ್‌ಗಳು ಅದರಲ್ಲಿವೆ. ಈಚಿನವು ಗಣಕಯಂತ್ರದಲ್ಲಿ, ಎರಡೆರಡು ಪ್ರತಿಗಳಲ್ಲಿ ಇವೆ. ಹಳೆಯದಕ್ಕೂ ಹೊಸದಕ್ಕೂ ಒಂದೇ ದಪ್ಪ ಪುಸ್ತಕ. ಅದರಲ್ಲಿ ಅಂಕಿ, ದಿನಾಂಕ, ಮನೆಯ ಹೆಸರು. ಕಳೆದ ಶ್ರಾವಣದಲ್ಲಿ ಪುಣೆಯ ತಮ್ಮ ತನ್ನ ಮಗಳ ಹೊಸ ಮನೆಗೆ ಇನ್ನೊಂದು ಪ್ರತಿ ಬೇಕೆಂದ. ನಾನು ಹೋಗಿ ನಮ್ಮ ಅಂಕಿಯನ್ನು ಹೇಳಿದೆ. ನಾಲ್ಕನೆಯ ದಿನ ಅದು ರಟ್ಟಿನ ನಡುವೆ ಭದ್ರವಾಗಿ ಶಿರಾಲಿಯ ಅಂಚೆಯಿಂದ ಪುಣೆಗೆ ಹೊರಟಿತು.